ಬ್ಲ್ಯಾಂಕಿನ ಪಾಲು

ನಮ್ಮ ಲ್ಯಾಬಿಗೆ ಹೊಸ ಸಾಫ್ಟ್‌ವೇರ್ ಬಂದಾಗ ಅದಕ್ಕೆ ಲೆಕ್ಕ ಕಲಿಸುವ ಕೆಲಸ ನನ್ನ ತಲೆಗೆ ಬಿತ್ತು. ಕಾರಣ ದೊಡ್ಡದೇನಲ್ಲ. ಮೀಟಿಂಗಿನಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ನಾನೊಬ್ಬಳು, ‘ಇಷ್ಟು ಸಣ್ಣ ಕೆಲಸಕ್ಕೆ ಹೊರಗಿನವರು ಯಾಕೆ’ ಎಂದುಬಿಟ್ಟೆ. ನಿನ್ನ ಬಾಯಿಯೇ ನಿನ್ನ ಶತ್ರು ಎಂದು ಉಡುಪಿಯಲ್ಲಿದ್ದಾಗ ಅಮ್ಮ ಹೇಳುತ್ತಿದ್ದಳು. ಮದುವೆಯಾಗಿ ಠಾಕುರ್ಲಿಗೆ ಬಂದ ಮೇಲೂ ಅದೇನು ಮಿತ್ರನಾಗಿಲ್ಲ.

ಲ್ಯಾಬ್ ಇರುವುದು ಕೋಪರಖೈರಣೆಯಲ್ಲಿ. ಸೊಸೈಟಿಗಳ ಟ್ಯಾಂಕಿನ ನೀರು, ಹೋಟೆಲುಗಳ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲ ಬಾಟಲಿಗಳಲ್ಲಿ ಬರುತ್ತದೆ. ಅದು ಕುಡಿಯಲು ಆಗುತ್ತದೋ ಇಲ್ಲವೋ ನಾವು ಹೇಳಬೇಕು. ಮೊದಲೆಲ್ಲ ನಾವೇ ಲೆಕ್ಕ ಮಾಡಿ ಉತ್ತರ ಬರೆದು ಸಹಿ ಹಾಕಿದರೆ ಮುಗಿಯಿತು. ಇನ್ನು ಮೇಲೆ ರೀಡಿಂಗ್ ಮಾತ್ರ ಕಂಪ್ಯೂಟರಿಗೆ ಹಾಕುವುದು. ಲೆಕ್ಕವನ್ನು ಅದೇ ಮಾಡಿ ಉತ್ತರವನ್ನು ನೇರ ಮ್ಯಾನೇಜರರಿಗೆ ಕಳಿಸುತ್ತದೆ. ಹಾಗಾಗಬೇಕಾದರೆ ಪ್ರತಿ ಪರೀಕ್ಷೆಯ ಸೂತ್ರವನ್ನೂ ಯಾರಾದರೂ ಮೊದಲು ಅದಕ್ಕೆ ಹೇಳಿಕೊಡಬೇಕು.

ನನಗೆ ಹೇಳಿಕೊಡಲು ಸರ್ ಇದ್ದರು. ಸರ್ ಎಂದರೆ ನಮ್ಮ ಹಿರಿಯ ಕೆಮಿಸ್ಟ್. ಊರು ವಿಜಯಪುರ, ಮನೆ ಕಲ್ಯಾಣದಲ್ಲಿ. ನಾನು ಕೆಲಸಕ್ಕೆ ಸೇರಿದ ದಿನ ಬ್ಯೂರೆಟ್ಟನ್ನು, ಅಂದರೆ ಗೀಟು ಹಾಕಿದ ಉದ್ದನೆಯ ಗಾಜಿನ ಕೊಳವೆಯನ್ನು, ಹಿಡಿದ ರೀತಿ ನೋಡಿ ‘ತಂಗಿ, ಅದು ಲಟ್ಟಣಗಿ ಅಲ್ಲ’ ಎಂದವರು. ಅಂದಿನಿಂದ ನಾನು ಅವರನ್ನು ಕಾಡಿಸುತ್ತಲೇ, ಅವರಿಂದ ಕಲಿಯುತ್ತಲೇ ಬಂದಿದ್ದೇನೆ. ಬೆಳಿಗ್ಗೆ ಇಬ್ಬರೂ ಬೇರೆ ಬೇರೆ ಲೋಕಲ್ ರೈಲು ಹಿಡಿದು ಠಾಣೆ ಸ್ಟೇಷನ್ನಿಗೆ ಬರುತ್ತೇವೆ. ಅಲ್ಲಿಂದ ಹೊರಡುವ ವಾಶಿ ಗಾಡಿಯಲ್ಲಿ ಅವರ ಪಕ್ಕದ ಸೀಟಿನ ಮೇಲೆ ಅವರ ಡಬ್ಬಿಯ ಚೀಲ ಕೂತಿರುತ್ತದೆ. ಆ ಸೀಟು ನನ್ನದು. ಅದಕ್ಕಾಗಿ ಅವರು ಎಷ್ಟು ಜನರಿಂದ ಬೈಸಿಕೊಂಡಿದ್ದಾರೋ ನನಗೆ ಗೊತ್ತಿಲ್ಲ.

ಕೈ ಪಳಗಿದವರಿಂದ ಲೆಕ್ಕ ಹೊರಡಿಸುವುದು ಎಷ್ಟು ಕಷ್ಟ ಎಂದು ಸೂತ್ರ ಕೇಳಲು ಕೂತಾಗ ಗೊತ್ತಾಯಿತು. ಸಾರಿಗೆ ಉಪ್ಪು ಎಷ್ಟು ಎಂದು ನನ್ನ ಅತ್ತೆಯನ್ನು ಕೇಳಿದರೆ ‘ಬೇಕಾದಷ್ಟು’ ಎನ್ನುತ್ತಾರೆ. ಸರ್ ಕೂಡ ಅದೇ ಜಾತಿ.

‘ನೀರಿನ ಗಡಸುತನಕ್ಕೆ ಎಂತ ಮಾಡುದು ಸರ್, ಒಂದೊಂದೇ ಹೇಳಿ.’

‘ಏನೈತಿ ಅದರಾಗ? ರೀಡಿಂಗ್ ತಗೋ, ಗುಣಾಕಾರ ಮಾಡು, ಭಾಗಾಕಾರ ಮಾಡು. ಆತು.’

‘ಬ್ಲ್ಯಾಂಕ್ ಕಳೆಯುದು ಬೇಡವಾ?’

‘ಬ್ಲ್ಯಾಂಕ್ ಕಳೀಲಾರದ ಯಾವ ಶಾಣ್ಯಾ ಲೆಕ್ಕ ಮಾಡ್ತಾನ?’

ಬ್ಲ್ಯಾಂಕ್ ಎಂದರೆ ಪರೀಕ್ಷೆಗೆ ಬಂದ ನೀರಿನ ಬದಲು ಶುದ್ಧ ಡಿಸ್ಟಿಲ್ಡ್ ನೀರು ಹಾಕಿ, ಉಳಿದದ್ದನ್ನೆಲ್ಲ ಹಾಗೆಯೇ ಮಾಡುವುದು. ಗಡಸುತನದ ಪರೀಕ್ಷೆಯಲ್ಲಿ ಫ್ಲಾಸ್ಕಿನ ನೀರು ಮೊದಲು ಪುನರ್ಪುಳಿ ಶರಬತ್ತಿನಂತೆ ಕೆಂಪಗಿರುತ್ತದೆ. ಬ್ಯೂರೆಟ್ಟಿನಿಂದ ಹನಿಹನಿಯಾಗಿ ಔಷಧಿ ಬಿಡುತ್ತ ಹೋದರೆ ಒಂದು ಹಂತದಲ್ಲಿ ನೀಲಿಯಾಗುತ್ತದೆ. ಅಲ್ಲಿ ನಲ್ಲಿ ನಿಲ್ಲಿಸಿ, ಎಷ್ಟು ಇಳಿಯಿತು ಎಂದು ಓದಬೇಕು. ಏನೂ ಇಲ್ಲದ ಶುದ್ಧ ನೀರಿಗೂ ಬಣ್ಣ ತಿರುಗಲು ನಾಲ್ಕಾರು ಹನಿ ಬೇಕಾಗುತ್ತದೆ. ಅದು ಬ್ಲ್ಯಾಂಕಿನ ಪಾಲು. ಪ್ರತಿ ರೀಡಿಂಗಿನಿಂದ ಅಷ್ಟನ್ನು ಕಳೆದರೆ ಮಾತ್ರ ಬಂದ ನೀರಿನ ನಿಜವಾದ ಲೆಕ್ಕ ಸಿಗುತ್ತದೆ.

ನಾನು ಸೂತ್ರ ಹಾಕಿದೆ. ಬೆಳಿಗ್ಗೆ ಸರ್ ಬ್ಲ್ಯಾಂಕ್ ಮಾಡಿ ಹೇಳುವುದು, ನಾನು ಅದನ್ನು ಅದರ ಚೌಕದಲ್ಲಿ ತುಂಬುವುದು, ಆಮೇಲೆ ಯಾರು ರೀಡಿಂಗ್ ಹಾಕಿದರೂ ಸಾಫ್ಟ್‌ವೇರೇ ಕಳೆದುಕೊಳ್ಳುವುದು. ಸರಿಯಾಗಿದೆಯೇ ಎಂದು ನೋಡಲು ಒಂದೇ ಬಾಟಲಿಯ ನೀರನ್ನು ನಾನೂ ಸರೂ ಬೇರೆ ಬೇರೆ ಪರೀಕ್ಷೆ ಮಾಡಿ ಹಾಕತೊಡಗಿದೆವು. ಕೆಲವು ದಿನಗಳಾದ ಮೇಲೆ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು.

‘ಮ್ಯಾಡಮ್, ಸರ್ ಕಾ ಹಾರ್ಡ್‌ನೆಸ್ ಹಮೇಶಾ ಕಮ್ ಆತಾ ಹೈ. ಉಮರ್ ಹೋ ಗಯೀ ಹೈ ಉನ್‌ಕೀ.’

ಸರ್ ಮಾಡಿದ ಗಡಸುತನದ ಉತ್ತರ ಯಾವಾಗಲೂ ನನ್ನದಕ್ಕಿಂತ ಕಡಿಮೆ ಬರುತ್ತದಂತೆ, ಅವರಿಗೆ ವಯಸ್ಸಾಯಿತಂತೆ. ಮುಂದಿನ ತಿಂಗಳು ಹೊರಗಿನಿಂದ ತಪಾಸಣೆಗೆ ಬರುವವರಿದ್ದರು. ಅಷ್ಟರಲ್ಲಿ ಇಬ್ಬರ ಉತ್ತರ ಹೊಂದದಿದ್ದರೆ ಸರ್ ಅವರನ್ನು ಬಾಟಲಿ ತೆಗೆದುಕೊಳ್ಳುವ ಕೌಂಟರಿಗೆ ಹಾಕುತ್ತಾರಂತೆ. ಅಲ್ಲಿ ಬಾಟಲಿಗೆ ಸ್ಟಿಕರ್ ಅಂಟಿಸುವುದು, ಅಷ್ಟೇ ಕೆಲಸ. ನನಗೆ ಮೈಯೆಲ್ಲ ಉರಿಯಿತು. ವಯಸ್ಸು ಯಾರಿಗೆ ಆಗುವುದಿಲ್ಲ, ಮ್ಯಾನೇಜರರ ತಲೆಯಲ್ಲೂ ಕೂದಲಿಗಿಂತ ಬಯಲೇ ಹೆಚ್ಚು.

ಅದೇ ದಿನಗಳಲ್ಲಿ ಸರ್ ಗಡಸುತನದ ಬಾಟಲಿಗಳ ಟ್ರೇಯನ್ನು ನನ್ನ ಟೇಬಲ್ಲಿಗೆ ದೂಡತೊಡಗಿದ್ದರು. ‘ನೀನs ಮಾಡವ್ವ, ನನಗ ಬ್ಯಾರೆ ಕೆಲಸ ಐತಿ’ ಎನ್ನುತ್ತಿದ್ದರು. ಬೇರೆ ಕೆಲಸ ಯಾವುದೂ ಇರಲಿಲ್ಲ. ಸುಮ್ಮನೆ ಫ್ಲಾಸ್ಕ್ ಒರೆಸುತ್ತ ನಿಲ್ಲುತ್ತಿದ್ದರು. ಕಡೆಗೆ ಒಂದು ಬೆಳಿಗ್ಗೆ ಗಾಡಿಯಲ್ಲಿ ಕೇಳಿಯೇಬಿಟ್ಟೆ.

‘ಎಂತ ಸರ್ ನಿಮ್ಮ ಕತೆ? ನನ್ನ ಮೇಲೆ ಇಷ್ಟು ಪ್ರೀತಿ ಯಾಕೆ ಬಂದದ್ದು?’

ಅವರು ನಗಲಿಲ್ಲ. ಕಿಟಕಿಯ ಕಡೆ ತಿರುಗಿ ಹೇಳಿದರು: ‘ಮೋತಿಬಿಂದು ಆಪರೇಶನ್ ಮಾಡಿ ಕಣ್ಣಿನ ಪೊರಿ ತಗದ್ರಲ್ಲ, ಆವಾಗಿಂದ ಬಿಳಿ ಅಂಗಿನೂ ನೀಲಿ ಹಾಕಿ ಒಗದಂಗ ಕಾಣಸ್ತೈತಿ. ಕೆಂಪು ಪೂರಾ ಹೋಗೂಕಿಂತ ಮೊದಲs ನನಗ ನೀಲಿ ಕಾಣತಿರಬೇಕು. ಅದಕ್ಕ ಕಮ್ಮಿ ಬರಾಕತ್ತೈತಿ ತಂಗಿ. ಯಾರಿಗೂ ಹೇಳಬ್ಯಾಡ. ಮ್ಯಾನೇಜರ್ ನನಗೂ ಕೌಂಟರಿನ ಮಾತು ಹೇಳ್ಯಾರ, ಸ್ಟಿಕರ್ ಹಚ್ಚಾಕ ನಾ ನಿಲ್ಲಾಂವಲ್ಲ. ಈ ತಿಂಗಳು ಮುಗೀಲಿ, ನೌಕರಿ ಬಿಡ್ತೀನಿ.’

ಬ್ಯೂರೆಟ್ ಇಲ್ಲದ ಸರ್ ಅವರನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. ಆ ಸೀಟಿನ ಮೇಲೆ ಇನ್ಯಾರದೋ ಚೀಲ ಇರುವುದು ನನಗೆ ಬೇಡವಾಗಿತ್ತು, ಅಷ್ಟೇ.

ಲ್ಯಾಬಿಗೆ ಹೋದವಳೇ ಮ್ಯಾನೇಜರರನ್ನು ಕೇಳಿ ಅಷ್ಟೂ ದಿನಗಳ ಉತ್ತರ ತೆಗೆದು ನೋಡಿದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸರ್ ಉತ್ತರ ನನ್ನದಕ್ಕಿಂತ ಆರು ಕಡಿಮೆ. ನಲ್ಲಿಯ ಮೆದು ನೀರಿಗೂ ಆರೇ ಕಡಿಮೆ. ಕಣ್ಣು ತಪ್ಪುವುದಾದರೆ ಒಮ್ಮೆ ಎರಡು, ಒಮ್ಮೆ ಹತ್ತು ಕಡಿಮೆ ಬರಬೇಕಲ್ಲ? ಮನುಷ್ಯರ ಕಣ್ಣು ಇಷ್ಟು ಶಿಸ್ತಾಗಿ ತಪ್ಪುವುದನ್ನು ನಾನು ಕಂಡಿಲ್ಲ. ಒಂದು ಬಾಟಲಿ ಎತ್ತಿಕೊಂಡು ಸರ್ ಮುಂದೆ ಇಟ್ಟೆ.

‘ಇದನ್ನು ನಾನು ಮಾಡಿ ಆಯ್ತು. ಈಗ ನನ್ನೆದುರು ನೀವು ಮಾಡಿ.’

‘ಬ್ಯಾಡ ಬಿಡವ್ವ.’

‘ಮಾಡಿ ಮಾರಾಯ್ರೇ. ನೋಡುವ ಒಮ್ಮೆ.’

ಒಲ್ಲದ ಮನಸ್ಸಿನಿಂದ ಶುರು ಮಾಡಿದರು. ಆದರೆ ಫ್ಲಾಸ್ಕ್ ಕೈಗೆ ಬಂದೊಡನೆ ಮಣಿಕಟ್ಟು ತಾನಾಗಿ ತಿರುಗತೊಡಗಿತು. ಕೆಂಪು ತೆಳುವಾಯಿತು, ನೇರಳೆಯಾಯಿತು. ಇನ್ನೊಂದು ಹನಿ, ಮತ್ತೊಂದು. ನಾನಾಗಿದ್ದರೆ ಎಲ್ಲಿ ನಿಲ್ಲಿಸುತ್ತಿದ್ದೆನೋ ಅಲ್ಲೇ ಅವರೂ ನಲ್ಲಿ ನಿಲ್ಲಿಸಿದರು. ಬಗ್ಗಿ ಬ್ಯೂರೆಟ್ ನೋಡಿದೆ. ಹದಿನಾಲ್ಕು ಪಾಯಿಂಟ್ ಎಂಟು.

‘ಹದಿನಾಲ್ಕೂವರಿ’ ಎಂದರು ಸರ್.

ಬಣ್ಣ ಸರಿಯಾಗಿಯೇ ಕಾಣುತ್ತದೆ, ಗೀಟುಗಳೇ ಕಾಣುತ್ತಿಲ್ಲ ಎಂದುಕೊಂಡೆ. ಆದಷ್ಟು ಮೆಲ್ಲಗೆ ಕೇಳಿದೆ: ‘ಸರ್, ಬ್ಯೂರೆಟ್ಟಿನಲ್ಲಿ ಎಷ್ಟುಂಟು?’

‘ಹದಿನಾಲ್ಕು ಪಾಯಿಂಟ್ ಎಂಟು. ಯಾಕ, ನಿನಗ ಕಾಣವಲ್ದೇನು?’

‘ಮತ್ತೆ ಹದಿನಾಲ್ಕೂವರೆ ಅಂದ್ರಿ?’

‘ಮುಂಜಾನೆ ಬ್ಲ್ಯಾಂಕ್ ಪಾಯಿಂಟ್ ಮೂರು ಬಂದಿತ್ತಲ್ಲ. ಅದನ್ನ ಕಳೀಬ್ಯಾಡೇನು?’

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಸರ್ ಮೊದಲು ಕೆಲಸಕ್ಕೆ ಸೇರಿದ್ದು ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ. ಅಲ್ಲಿಯ ಯಜಮಾನ ಬೆನ್ನ ಹಿಂದೆಯೇ ನಿಂತು ‘ಕಿತ್ನಾ, ಕಿತ್ನಾ’, ಎಷ್ಟು ಬಂತು ಎಂದು ಅವಸರ ಮಾಡುತ್ತಿದ್ದನಂತೆ. ಹಾಗಾಗಿ ಬ್ಲ್ಯಾಂಕನ್ನು ಮನಸ್ಸಿನಲ್ಲೇ ಕಳೆದು ಹೇಳುವುದು ರೂಢಿಯಾಯಿತು. ಬರಬರುತ್ತ ಕಳೆಯುತ್ತಿದ್ದೇನೆ ಎನ್ನುವುದೇ ಅವರಿಗೆ ಮರೆತುಹೋಯಿತು. ಹಾಳೆಯಲ್ಲಿ ಲೆಕ್ಕ ಮಾಡುವಾಗ ಅದರಿಂದ ತೊಂದರೆ ಇರಲಿಲ್ಲ. ಈಗ ಇವರು ಕಳೆದು ಕೊಟ್ಟದ್ದರಿಂದ ನನ್ನ ಸೂತ್ರ ಮತ್ತೊಮ್ಮೆ ಕಳೆಯುತ್ತಿತ್ತು. ಮೊದಲಿನ ಸರ್ ಆಗಿದ್ದರೆ ಪೆನ್ನು ತೆಗೆದು ಕ್ಷಣದಲ್ಲಿ ಹಿಡಿಯುತ್ತಿದ್ದರು. ಆದರೆ ಕಣ್ಣಿನ ಮೇಲೆ ಅನುಮಾನ ಬಂದವರು ಲೆಕ್ಕದ ಕಡೆ ತಿರುಗಿಯೂ ನೋಡಿರಲಿಲ್ಲ.

‘ನೀವೊಮ್ಮೆ ಕಳೆಯುದು, ಅದೊಮ್ಮೆ ಕಳೆಯುದು. ಆ ಪಾಪದ ನೀರಿಗೆ ಉಳಿಯುದೆಂತ ಸರ್?’ ಎಂದು ನಾನು ನಕ್ಕೆ. ಹದಿನಾಲ್ಕು ಪಾಯಿಂಟ್ ಎಂಟು ಎಂದು ಹಾಕಿದೆ. ಇನ್ನೂರ ತೊಂಬತ್ತು ಬಂತು. ನನ್ನ ಉತ್ತರವೂ ಅದೇ.

ಸರ್ ನಗಲಿಲ್ಲ. ಪರದೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು: ‘ಹಂಗಾರ ಕಣ್ಣು?’

‘ಕಣ್ಣಿಗೆ ಎಂತ ಆಗಿದೆ? ಚೆನ್ನಾಗುಂಟು ಸರ್.’

ಅವರು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಆ ನೀಲಿಯನ್ನು ತುಂಬ ಹೊತ್ತು ನೋಡಿದರು.

ಅವರಿಗೆ ಮಾತ್ರ ಬ್ಲ್ಯಾಂಕ್ ಇಲ್ಲದ ಬೇರೆ ಸೂತ್ರ ಹಾಕಿಕೊಡುತ್ತೇನೆ ಎಂದೆ. ‘ಒಂದs ನೀರಿಗೆ ಎರಡು ಲೆಕ್ಕ ಏನವ್ವ, ನನ್ನ ಬಾಯಿನs ತಿದ್ಕೋತೀನಿ’ ಎಂದು ಗದರಿದರು. ಅಷ್ಟು ವರ್ಷದ ಬಾಯಿ ಅಷ್ಟು ಬೇಗ ತಿದ್ದಿಕೊಳ್ಳಲಾರದು ಎಂದು ನನಗೆ ಗೊತ್ತಿತ್ತು. ರೀಡಿಂಗಿನ ಚೌಕದ ಕೆಳಗೆ ಸೂಚನೆ ಬರೆಯಲು ಒಂದು ಸಾಲು ಜಾಗವಿತ್ತು. ಬ್ಯೂರೆಟ್ಟಿನಲ್ಲಿ ಕಂಡದ್ದನ್ನೇ ಹಾಕಿ ಎಂದು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ‘ಕಳೀಬ್ಯಾಡ್ರಿ’ ಎಂದು ಸೇರಿಸಿದೆ. ಯೇ ಕ್ಯಾ ಲಿಖಾ ಹೈ ಎಂದು ಮ್ಯಾನೇಜರ್ ಕೇಳಿದರು. ಅದೇ ಸೂಚನೆ, ನಮ್ಮ ಭಾಷೆಯಲ್ಲಿ ಎಂದೆ. ಅದು ಈಗಲೂ ಅಲ್ಲೇ ಇದೆ.

ಮರುದಿನ ಗಾಡಿಯಲ್ಲಿ ಸರ್ ನೌಕರಿ ಬಿಡುವ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಲ್ಯಾಬಿನಲ್ಲಿ ಎಂದಿನಂತೆ ಬಾಟಲಿಗಳ ಟ್ರೇ ನನ್ನ ಟೇಬಲ್ಲಿಗೆ ಬಂತು. ಮೊದಲ ಫ್ಲಾಸ್ಕಿಗೆ ನೀರು ಹಾಕಿ ಬ್ಯೂರೆಟ್ಟಿನ ಕೆಳಗೆ ಹಿಡಿದಿದ್ದೆ. ಸರ್ ಬಂದು ಪಕ್ಕದಲ್ಲಿ ನಿಂತು ಕೈ ಚಾಚಿದರು.

‘ನನ್ನ ನೀರು ನನಗ ಕೊಡು, ತಂಗಿ’ ಎಂದರು.

ಕೊಟ್ಟೆ.