ಆತು ಬಿಡ್ರಿ

ಅಕ್ಕಾ, ಅಪ್ಪ ಆಪರೇಷನ್ನಿಗೆ ಒಪ್ಪಿರಲಿಲ್ಲ. ಒಪ್ಪಿದರು ಅಂತ ಡಾಕ್ಟರಿಗೆ ಹೇಳಿದವಳು ನಾನು. ನಿನಗೆ ಹೇಳಿದವಳೂ ನಾನೇ.

ಇಷ್ಟು ವರ್ಷ ನುಂಗಿಕೊಂಡಿದ್ದೆ — ಸಾಯುವತನಕ ನುಂಗಿಕೊಂಡೇ ಇರುತ್ತಿದ್ದೆನೋ ಏನೋ. ಆದರೆ ನಿನ್ನೆ ಫೋನಿನಲ್ಲಿ ನಿನ್ನ ಆಪರೇಷನ್ನಿನ ಮಾತು ಬಂದಾಗ ನೀನು, "ಎಂಬತ್ನಾಲ್ಕಕ್ಕ ಅಪ್ಪ ಬೈಪಾಸಿಗೆ ಹೂಂ ಅಂದಿದ್ರು. ನನಗಿನ್ನೂ ಎಂಬತ್ತು, ನಾ ಯಾಕ ಅಂಜಬೇಕು?" ಅಂದೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಆಗ ಭಾವನವರ ಕಾಲು ಮುರಿದು ನೀನು ಕಮಲಾಪುರದಲ್ಲೇ ಉಳಿದಿದ್ದೆ. ಅಪ್ಪನನ್ನು ಸೇಡಂ ರಸ್ತೆಯ ಆಸ್ಪತ್ರೆಗೆ ಸೇರಿಸಿದವಳು ನಾನೊಬ್ಬಳೇ. ಡಾಕ್ಟರು ಮೈಸೂರು ಕಡೆಯವರು, ಏನನ್ನೂ ಮುಚ್ಚಿಡಲಿಲ್ಲ. ಎದೆ ತೆರೆಯಬೇಕು, ಈ ವಯಸ್ಸಿಗೆ ತಡೆದರೆ ತಡೆದಾರು, ಉಳಿದರೂ ಮೊದಲಿನಂತಾಗುತ್ತಾರೆ ಅಂತ ಹೇಳಲಾರೆ, ಬೇಕೋ ಬೇಡವೋ ಅವರೇ ಹೇಳಬೇಕು ಅಂದರು. ಮಾಡದಿದ್ದರೆ ಯಾವತ್ತು ಬೇಕಾದರೂ — ಅಂದದ್ದಷ್ಟೇ ನನ್ನ ಕಿವಿಗೆ ಬಿದ್ದದ್ದು. ಅಂಜಿಬಿಟ್ಟೆ. ಅವ್ವ ಹೋದಮೇಲೆ ನನ್ನನ್ನು "ಉಂಡ್ಯಾ?" ಅಂತ ಕೇಳುವವರು ಅವರೊಬ್ಬರೇ ಇದ್ದರಲ್ಲೇ.

"ತಾತ, ಆಪರೇಷನ್ ಮಾಡ್ಬಿಡೋಣ್ವಾ?" ಅಂತ ಡಾಕ್ಟರು ಕೇಳಿದರು.

ಅಪ್ಪ ಎರಡೂ ಅಂಗೈ ಎದೆಯ ಮೇಲೆ ಅಡ್ಡ ಹಿಡಿದು, "ಆತು ಬಿಡ್ರಿ" ಅಂದರು.

ಆ ಕಡೆಯವರ ಕಿವಿಗೆ ಅದು 'ಆಯ್ತು, ಮಾಡಿ'. ನಮ್ಮ ಮನೆಯಲ್ಲಿ? ಪಂಕ್ತಿಯಲ್ಲಿ ಹೋಳಿಗೆ ಹಿಡಿದು ಯಾರಾದರೂ ಮತ್ತೆ ಬಂದರೆ ಅಪ್ಪ ಎಲೆಯ ಮೇಲೆ ಹೀಗೇ ಕೈ ಅಡ್ಡ ಹಿಡಿದು ಅನ್ನುತ್ತಿದ್ದ ಮಾತು ಅದು. ಸಾಕು, ಹೊಟ್ಟೆ ತುಂಬಿತು, ಇನ್ನು ಬಡಿಸಬೇಡಿ. ನನಗೆ ತಿಳಿಯದೇ ಅಕ್ಕಾ? ಡಾಕ್ಟರು ಪುಣ್ಯಾತ್ಮರು, ಅಷ್ಟಕ್ಕೇ ಬಿಡದೆ ನನ್ನ ಕಡೆ ತಿರುಗಿ, ಒಪ್ಪಿದರಲ್ವಾ ಅಂತ ಕೇಳಿದರು.

"ಹೂಂನ್ರಿ, ಒಪ್ಯಾರ" ಅಂದೆ.

ಅಪ್ಪ ನನ್ನನ್ನೇ ನೋಡಿದರು. ಮಗಳ ಮಾತನ್ನು ಬೇರೆಯವರೆದುರು ತೆಗೆದುಹಾಕುವವರಲ್ಲ ಅವರು — ಅದೂ ನನಗೆ ಗೊತ್ತಿತ್ತು.

ಆಪರೇಷನ್ ಮುಗಿದಮೇಲೆ ಒಳಗೆ ಬಿಟ್ಟರು. ಬಾಯಲ್ಲಿ ನಳಿಕೆ. ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈಗಳನ್ನು ಮಂಚಕ್ಕೆ ಬಟ್ಟೆಪಟ್ಟಿಯಿಂದ ಕಟ್ಟಿದ್ದರು. ನನ್ನನ್ನು ಕಂಡು ಆ ಕೈಗಳು ಎದೆಯ ಕಡೆಗೆ — ಬರಲು ನೋಡಿದವು, ಬರಲಾಗಲಿಲ್ಲ. ನಾನು ನಿಲ್ಲಲಿಲ್ಲ. ಹೊರಗೆ ಬಂದು ನಿನಗೆ ಫೋನು ಮಾಡಿ, ಅಪ್ಪ ಗಟ್ಟಿ ಇದ್ದಾರೆ ಅಂದೆ.

ಬದುಕಿದರು, ಹೌದು. ಕಮಲಾಪುರಕ್ಕೆ ಬಂದಮೇಲೆ ನೀನು ಬಡಿಸಿದ್ದನ್ನೆಲ್ಲ ಉಣ್ಣತೊಡಗಿದರು. ಅನ್ನದ ಮೇಲೆ ಅನ್ನ, ಆಮೇಲೆ ಕೆಂಪು ಬಾಳೆಹಣ್ಣು. ಕೈ ಅಡ್ಡ ಹಿಡಿಯಲಿಲ್ಲ. "ಅಪ್ಪಗ ಹಸಿವಿ ತಿರುಗಿ ಬಂದದ ನೋಡು" ಅಂತ ನೀನು ಎಷ್ಟು ಖುಷಿಪಟ್ಟೆ! ಅವರು ತುತ್ತು ನುಂಗುತ್ತ ನನ್ನನ್ನು ನೋಡುತ್ತಿದ್ದರು. ಹಸಿವು ಅಲ್ಲ ಅಕ್ಕಾ ಅದು. ಸಾಕು ಅಂದರೂ ಬಡಿಸುತ್ತಾರೆ ಅಂತ ಅವರಿಗೆ ತಿಳಿದುಹೋಗಿತ್ತು. ಹೋಗುವತನಕ ಆ ಮಾತು ಮತ್ತೆ ಅನ್ನಲಿಲ್ಲ.

ಸೋಮವಾರ ಡಾಕ್ಟರು ನಿನ್ನನ್ನು ಕೇಳುತ್ತಾರೆ. ಹೂಂ ಅನ್ನು, ಇಲ್ಲ ಒಲ್ಲೆ ಅನ್ನು — ಅಪ್ಪನ ಧೈರ್ಯ ನೋಡಿ ಮಾತ್ರ ಅನ್ನಬೇಡ, ಆ ಧೈರ್ಯ ನಾನು ಹುಟ್ಟಿಸಿದ್ದು. ನಿನ್ನ ಜೊತೆ ಬರುತ್ತೇನೆ, ನೀನು ಬಾ ಅಂದರೆ. ಆದರೆ ಒಳಗೆ ಕರೆಯಬೇಡ. ನೀನು ಒಲ್ಲೆ ಅಂದುಬಿಟ್ಟರೆ, ನನ್ನ ಬಾಯಿಂದ ಏನು ಬಂದೀತೋ ಅಂತ ಇವತ್ತಿಗೂ ನನಗೆ ಅಂಜಿಕೆ. ನಾನು ಬಾಗಿಲ ಹೊರಗೇ ಕೂಡುತ್ತೇನೆ.