ನೌಕಾಪತಿಗೆ ಅಭಾದಲ್ಲಿ ಕೆಲಸ

ಶೇಖರಾ, ಮ್ಯಾನೇಜರ್ ಪೈಗಳಿಗೆ ನಿನ್ನನ್ನು ಹಿಡಿದುಕೊಟ್ಟವ ನಾನೇ. ಬಾಯಿ ತಪ್ಪಿ ಅಲ್ಲ — ಬೇಕೆಂದೇ.

ರಿಯಾದಿನಲ್ಲಿ ನನ್ನ ಕೀಟಲೆಗೆ ಸಿಕ್ಕದ ಕನ್ನಡಿಗನಿಲ್ಲ. ನಮಗೆ ವೀಸಾ ಕೊಟ್ಟ ಅರಬ್ಬಿ ಧಣಿ, ಆ ಕಫೀಲನಿಗೇ ಉಪ್ಪು ಹಾಕಿದ ಚಹಾ ಕುಡಿಸಿ ನಗಿಸಿದವ ನಾನು! ತಾಳಮದ್ದಲೆಯಲ್ಲಂತೂ ನನ್ನೆದುರು ಮಾತಿನಲ್ಲಿ ಗೆದ್ದವರಿಲ್ಲ. ಇದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದೇ —

ಆ ಗುರುವಾರ ರೂಮಿನಲ್ಲಿ ಈರುಳ್ಳಿ ಹೆಚ್ಚುತ್ತಾ ನೀನು ಹೇಳಿದೆ: "ಅಣ್ಣ, ಆ ಬೆಟ್ಟದ ಊರು ಅಭಾದ ಆಸ್ಪತ್ರೆಯಲ್ಲಿ ಎಸಿ ರಿಪೇರಿ ಕೆಲಸ ಸಿಕ್ಕಿತು. ಫ್ಯಾಮಿಲಿ ವೀಸಾ ಕೊಡ್ತಾರಂತೆ. ಇನ್ನು ಮಗಳನ್ನು ಫೋನಲ್ಲಿ ನೋಡೋದಲ್ಲ, ಎತ್ತಿಕೊಳ್ಳೋದೇ! ಆದ್ರೆ ಪೇಪರ್ ಆಗುವವರೆಗೆ ನಮ್ಮ ಮ್ಯಾನೇಜರ್ ಪೈಗಳಿಗೆ ಗೊತ್ತಾಗ್ಬಾರ್ದು ಮಾರಾಯ್ರೆ. ಗೊತ್ತಾದ್ರೆ ಎಕ್ಸಿಟ್ ಹೊಡೆದು ಊರಿಗೆ ಕಳಿಸ್ತಾರೆ."

"ಭೇಷ್" ಎಂದೆ. ಒಳಗೆ ಉರಿಯಿತು. ಇಷ್ಟು ವರ್ಷ ಒಂದೇ ಪಾತ್ರೆಯಲ್ಲಿ ಬೇಯಿಸಿ ಉಂಡವ, ನನ್ನನ್ನು ಒಂದು ಮಾತೂ ಕೇಳದೆ ಹೊರಟನಲ್ಲ — ಮೋಸ ಹೋದವ ನಾನೇ ಅನ್ನಿಸಿತು.

ಮರುದಿನ ನಮ್ಮ ಶುಕ್ರವಾರದ ಕೂಟ. ಪರದೆ ಎಳೆದ ಫ್ಲ್ಯಾಟು. ನೆರೆಯವರಿಗೆ ಕೇಳಬಾರದೆಂದು ಮದ್ದಳೆಯ ಬದಲು ದಿಂಬು. ಪ್ರಸಂಗ ನೀನೇ ಕಟ್ಟಿದ್ದು. ಹಳೆಯ ಇಂಗ್ಲೆಂಡಿನ ಒಬ್ಬ ನೌಕಾಪತಿ — ಕಡಲ ಕಾಳಗ ಗೆದ್ದವ, ಅರಮನೆಯ ರಾಜಕೀಯದಲ್ಲಿ ಒಬ್ಬನನ್ನು ಪಟ್ಟಕ್ಕೇರಿಸಿದವ, ಕೊನೆಗೆ ಆ ರಾಜನನ್ನೇ ಬಿಟ್ಟು ಎದುರು ಪಕ್ಷ ಸೇರಿದವ. ನೀನು ನೌಕಾಪತಿ, ನಾನು ರಾಜ. ಪೈಗಳು ಎದುರಿಗೇ ಕೂತಿದ್ದರು.

"ರಾಜಾ, ನಿನಗೆ ಕಿರೀಟ ತೊಡಿಸಿದ ಕೈ ಯಾರದ್ದು? ನನ್ನ ನಾವಿಕರು ಹಸಿದಾಗ ನಿನ್ನ ಉಗ್ರಾಣಕ್ಕೆ ಬೀಗ ಹಾಕಿಸಿದವರು ಯಾರು?" ಎಂದೆ ನೀನು. ಜನ ತಲೆದೂಗಿದರು. ಅಂದು ನೀನು ಗೆಲ್ಲುತ್ತಿದ್ದೆ. ಬೆಳಗಿನಿಂದಲೇ ಹೊಸೆದಿಟ್ಟಿದ್ದ ಮಾತನ್ನು ನಾನು ಆಗ ತೆಗೆದೆ —

"ಎಲವೋ ನೌಕಾಪತಿ, ನನ್ನ ಅನ್ನ ಉಣ್ಣುತ್ತಲೇ ಅಭಾದ ಆಸ್ಪತ್ರೆಯಲ್ಲಿ ಕೆಲಸ ಹಿಡಿದವನಲ್ಲವೇ ನೀನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಂಗ್ಲೆಂಡಿನ ನೌಕಾಪತಿಗೆ ಅಭಾ! ಪೈಗಳು ನಗಲಿಲ್ಲ, ನಿನ್ನ ಮುಖ ನೋಡಿದರು. ಒಂದು ತಮಾಷೆಯ ಉತ್ತರ ಕೊಟ್ಟಿದ್ದರೆ ನೀನು ಪಾರಾಗುತ್ತಿದ್ದೆಯೋ ಏನೋ... ನೀನು ತಲೆ ತಗ್ಗಿಸಿಬಿಟ್ಟೆ. ಅವರು ಅಭಾಕ್ಕೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡರು. ನಿನಗೆ ಎಕ್ಸಿಟ್ ಬಂತು.

ವಿಮಾನ ನಿಲ್ದಾಣದಲ್ಲಿ ನೀನೇ ನನ್ನನ್ನು ಸಮಾಧಾನ ಮಾಡಿದೆ. "ಬೇಜಾರ್ ಮಾಡ್ಬೇಡಿ ಅಣ್ಣ. ಅರ್ಥ ಹೇಳುವ ಭರದಲ್ಲಿ ಬಾಯಿಗೆ ಬಂದದ್ದು. ನೀವೆಂತ ಬೇಕಂತ ಮಾಡುವವರಾ?"

ನಾನು ಕಣ್ಣೊರೆಸಿಕೊಂಡೆ. ಅದೂ ವೇಷವೇ.

ಅಭಾದಲ್ಲಿ ಚಳಿಯೆಂದು ಮಗಳಿಗೆ ಕೊಂಡಿದ್ದ ಸ್ವೆಟರನ್ನು ನನ್ನ ಕೈಗಿಟ್ಟೆ ನೀನು — "ಊರಿನ ಸೆಕೆಗೆ ಇದು ಯಾಕೆ? ಯಾವುದಾದ್ರೂ ಮಗುವಿಗೆ ಕೊಡಿ."

ಕೊಡಲಿಲ್ಲ, ಶೇಖರಾ. ಯಾವ ಮಗುವಿನೆದುರೂ ಅದರ ಮಡಿಕೆ ಬಿಡಿಸಲು ನನಗೆ ಕೈ ಬಂದಿಲ್ಲ.