ಹೊಸ್ತಿಲಾಚೆಯ ಬನ್ಸ್

ಕಳೆದ ಸೋಮವಾರ ಡೊಂಬಿವಲಿ ಸ್ಟೇಷನ್ನಿನಲ್ಲಿ ನಾನು ಲೋಕಲ್ ಟ್ರೇನಿನ ಲೇಡೀಸ್ ಫಸ್ಟ್ ಕ್ಲಾಸ್ ಬೋಗಿ ಹತ್ತಿದೆ. (ಅವಸರದಲ್ಲಿ ತಪ್ಪಿ ಅಲ್ಲ. ಪರ್ಸಿನಲ್ಲಿ ಪಾಸ್ ಇತ್ತು!)

ಹದಿನೇಳು ವರ್ಷ ಸೆಕೆಂಡ್ ಕ್ಲಾಸಿನಲ್ಲಿ ಒದ್ದಾಡಿದವಳು ನಾನು. ಠಾಣೆಯವರೆಗೆ ನಿಂತು, ಅಲ್ಲಿ ಗಾಡಿ ಬದಲಿಸಿ ವಾಶಿಯ ಆಫೀಸಿಗೆ ಮತ್ತೆ ನಿಂತು. ದಿವಾ ಸ್ಟೇಷನ್ ಬಂತೆಂದರೆ ನೂಕುನುಗ್ಗಲಿನಲ್ಲಿ ನಮ್ಮ ಕಾಲು ನಮ್ಮದಲ್ಲ. ಈ ಮಳೆಗಾಲದಲ್ಲಿ ಮೊಣಕಾಲು ಊದಿಕೊಂಡಿತು. "ನಿಂತು ಪ್ರಯಾಣ ಮಾಡ್ಬೇಡಿ" ಎಂದರು ಡಾಕ್ಟರು. ಪುಣ್ಯಾತ್ಮರು ಕಾರಿನಲ್ಲಿ ಓಡಾಡುವವರು.

ಉಳಿದದ್ದು ಎರಡೇ ದಾರಿ. ಕೆಲಸ ಬಿಡಬೇಕು, ಇಲ್ಲವೇ ಫಸ್ಟ್ ಕ್ಲಾಸ್ ಪಾಸ್ ತೆಗೆಯಬೇಕು. ಮನೆಗೆ ಬರುವ ಎರಡು ಸಂಬಳಕ್ಕೂ ಬರುವ ಮೊದಲೇ ಹೋಗುವ ದಾರಿ ಗೊತ್ತಾಗಿರುತ್ತದೆ. (ನಿಮ್ಮ ಮನೆಯಲ್ಲೂ ಅಷ್ಟೇ ತಾನೇ?) ಹಾಗಾಗಿ ಪಾಸಿಗೆಂದೇ ಬೇರೆ ಸಂಪಾದನೆ ಬೇಕಿತ್ತು.

ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಯೇಬಿಟ್ಟೆ. ಪ್ರತಿ ಭಾನುವಾರ ಬೆಳಿಗ್ಗೆ ಬಿಸಿಬಿಸಿ ಮಂಗಳೂರು ಬನ್ಸ್, ಪಾರ್ಸೆಲ್ ಮಾತ್ರ. (ನಾವು ಕುಂದಾಪುರದವರು, ನಿಜ. ಆದರೆ ಇಲ್ಲಿ ಕರಾವಳಿಯೆಲ್ಲ ಮಂಗಳೂರೇ.) ಶನಿವಾರ ಸಂಜೆ ಕಳಿತ ಬಾಳೆಹಣ್ಣು ಕಿವುಚಿ ಹಿಟ್ಟು ಕಲಸಿಟ್ಟೆ.

ಮೊದಲ ಗಿರಾಕಿ ಮೂರನೇ ಮಾಳಿಗೆಯ ಸುನಂದಾ ಕಾಕು. (ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ.) ಡಬ್ಬ ಹಿಡಿದು ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎನ್ನದಿರಲು ನಾಲಿಗೆ ಕೇಳಬೇಕಲ್ಲ? ಬಂದರು, ಕೂತರು. ಕೂತವರ ಮುಂದೆ ತಟ್ಟೆ ಇಡದಿರುವುದುಂಟೇ? ಎರಡು ಬನ್ಸ್, ಚಟ್ನಿ, ಮೇಲೊಂದು ಕಾಫಿ. ಹೊರಡುವಾಗ ಅವರು ಪರ್ಸ್ ತೆರೆದರೆ ನಾನೇ ಕೈ ಹಿಡಿದೆ. "ನಕೋ ಕಾಕು! ಘರ್ ಆಕೇ ಖಾಯಾ, ಉಸ್ಕಾ ಪೈಸಾ ಲೇತೇ ಹೈ ಕ್ಯಾ?" ಬೇಡ, ಮನೆಗೆ ಬಂದು ತಿಂದದ್ದಕ್ಕೆ ದುಡ್ಡು ತಗೊಳ್ತಾರಾ ಎಂದು. ಪಾರ್ಸೆಲ್ಲಿಗೆಂದು ಡಬ್ಬಕ್ಕೆ ತುಂಬಿದ ನಾಲ್ಕೂ ದುಡ್ಡಿಲ್ಲದೆ ಹಾಗೇ ಹೋದವು.

ಅವರ ಹಿಂದೆ ಬಂದವರಿಗೂ ಇದೇ ಸತ್ಕಾರ. ಮರುವಾರವೂ ಇದೇ. ಮೂರನೇ ವಾರ ಬಂದವರೇ ಇಬ್ಬರು. ಸುನಂದಾ ಕಾಕುವಂತೂ ಪತ್ತೆಯೇ ಇಲ್ಲ.

"ನಿಂದ್ ಬಿಸ್ನೆಸ್ ಅಲ್ಲ ಮಾರಾಯ್ತಿ, ಅನ್ನಸಂತರ್ಪಣೆ" ಎಂದು ಗಂಡ ನಕ್ಕರು. ಇಲ್ಲೇ ಹುಟ್ಟಿ ಬೆಳೆದ ಮಗಳದು ಹಿಂದಿ. "ಮಮ್ಮಿ, ಯೇ ಲೋಗ್ ಕಸ್ಟಮರ್ ಹೈ ಯಾ ಗೆಸ್ಟ್?"

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಕೇಳಿದ್ದು ಒಂದು ಸೀಟು. ಅದನ್ನು ದುಡಿದುಕೊಳ್ಳಲೂ ನನ್ನಿಂದ ಆಗದೇ?

ಚಟ್ನಿಗೆ ಕಾಯಿ ತುರಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು. "ಹೊಸ್ಲ್ ದಾಟಿ ಒಳ್ಗ್ ಬಂದವ್ರ್ ನೆಂಟ್ರ್. ಹೊರ್ಗ್ ನಿಂತವ್ರ್ ಗಿರಾಕಿ. ನಿನ್ ಮಾವ ಕಲ್ಯಾಣ್ ಊರಗೆ ಅಷ್ಟ್ ವರ್ಷ ಹೋಟ್ಲ್ ನಡ್ಸ್ರ್. ಮನಿಗ್ ಬಂದವ್ರತ್ರ ಒಂದ್ ಚಾಯಕ್ಕೂ ದುಡ್ ತಕಂಡದ್ದಿಲ್ಲ. ಹೋಟ್ಲಿಗೆ ಸ್ವಂತ ಅಣ್ಣ ಬಂದ್ರೂ ಬಿಲ್ ಬಿಟ್ಟದ್ದಿಲ್ಲ."

ಇಷ್ಟು ಸರಳ ವಿಷಯ ನನ್ನ ಎಂ.ಕಾಂ. ತಲೆಗೆ ಏಕೆ ಹೊಳೆಯಲಿಲ್ಲವೋ!

ನಾಲ್ಕನೇ ಭಾನುವಾರ ಮೇಜು ಹೊಸ್ತಿಲ ಆಚೆ ಹೋಯಿತು. ಈಚೆ, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಅತ್ತೆ ಕೂತರು. ಮಗಳ ಕೈಲಿ ಹೇಳಿಕಳಿಸಿದ್ದಕ್ಕೆ ಸುನಂದಾ ಕಾಕು ಇಳಿದು ಬಂದರು. ಅತ್ತೆ ಕೈ ಅಡ್ಡ ಹಿಡಿದು ತಮ್ಮ ಹಿಂದಿಯಲ್ಲಿ ಹೇಳಿದರು. "ಆಜ್ ಬಾಹರ್, ಪೈಸಾ. ಕಲ್ ಅಂದರ್ ಆವೋ, ಫ್ರೀ!" ಇವತ್ತು ಹೊರಗೆ, ದುಡ್ಡು ಕೊಡಿ; ನಾಳೆ ಒಳಗೆ ಬನ್ನಿ, ಪುಕ್ಕಟೆ ಎಂದು.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಾಕು ಮಾತ್ರ ನೆಮ್ಮದಿಯ ನಿಟ್ಟುಸಿರು ಬಿಟ್ಟರು. "ಬರಂ ಝಾಲಂ! ಫುಕಟ್ ಖಾಯ್ಲಾ ಲಾಜ್ ವಾಟ್ತೇ ಗ." ಒಳ್ಳೆಯದಾಯ್ತು, ಪುಕ್ಕಟೆ ತಿನ್ನಲು ನಾಚಿಕೆ ಆಗ್ತದೆ ಕಣೇ ಎಂದು. ನೋಡಿದಿರಾ? ದುಡ್ಡು ಬೇಡ ಎಂದು ನಾನೇ ಜನರನ್ನು ಓಡಿಸಿದ್ದೆ. ಉಪಚಾರವೂ ಅತಿಯಾದರೆ ಎದುರಿನವರಿಗೆ ಭಾರ.

ಅಂದು ಹತ್ತು ಗಂಟೆಗೇ ಹಿಟ್ಟು ಖಾಲಿಯಾಗಿ ಬಾಣಲೆ ಕೆಳಗಿಳಿಯಿತು. ಪ್ಯಾಸೇಜಿನಲ್ಲಿ ಮೇಜು ಯಾಕೆ ಎಂದು ಗದರಲು ಬಂದ ಸೊಸೈಟಿ ಸೆಕ್ರೆಟರಿ ಎಂಟು ಬನ್ಸ್ ಕಟ್ಟಿಸಿಕೊಂಡು ಹೋದರು. "ನಂಗೂ ಎರಡ್ ಇಡು" ಎಂದ ಗಂಡನಿಗೆ ಅತ್ತೆ ಮೇಜಿನ ಆಚೆ ಬದಿ ತೋರಿಸಿದರು!

ಮೂರು ತಿಂಗಳಾದ ಮೇಲೆ, ಪಾಸಿನ ದುಡ್ಡು ಕೂಡಿ, ಬಂತು ಆ ಸೋಮವಾರ. ಕಿಟಕಿ ಪಕ್ಕದ ಸೀಟು. ಕೂತೆ. ದಿವಾ ಬಂತು, ಹೋಯಿತು. ನನ್ನ ಕಾಲು ನನ್ನದೇ ಆಗಿತ್ತು. ಖುಷಿಗೆ ತಿಂಡಿಯ ಡಬ್ಬ ತೆರೆದೆ. ಬಾಳೆಹಣ್ಣಿನ ಘಮಕ್ಕೆ ಎದುರಿನ ಮೂವರು ತಿರುಗಿದರು. ತಡೆಯಲಾದೀತೇ? ಒಂದೊಂದು ಕೊಟ್ಟೆ.

"ಆಂಟಿ, ಆರ್ಡರ್ ಲೇತೇ ಹೋ ಕ್ಯಾ?" ಆರ್ಡರ್ ತಗೊಳ್ತೀರಾ ಎನ್ನುತ್ತ ಒಬ್ಬಳು ಪರ್ಸಿಗೆ ಕೈ ಹಾಕಿದಳು.

ಅತ್ತೆಗೆ ತಕ್ಷಣ ಫೋನ್ ಮಾಡಿದೆ: ಫಸ್ಟ್ ಕ್ಲಾಸಿನಲ್ಲಿ ಹೊಸ್ತಿಲು ಎಲ್ಲಿರುತ್ತದೆ?